ಕಣ್ಣ ಬಂದಾವ

ಮೊದಲ ವ್ಯಂಕೂಗ ಬಂದವು.
ಯೆಮುಲ ನರಸೂಬಾಯಿ ಸಣ್ಣ ಪೋರ, ಖೋಲಿ ನಂಬರ ಏಳು.
ನಮ್ಮದು ಎಂಟು. ನಡುವ ಒಂದ ಗ್ವಾಡಿ,
ಅದೂ ಒಂದೇ ಇಟ್ಟಂಗಿದು; ಆಚಿ ಕಡೆ ಮೊಳಿ ಹೊಡದ್ರ
ನಮ್ಮನಿ ಕ್ಯಾಲೆಂಡರ ಅಲಗತದ.

"ಕಣ್ಣ ಬಂದಾವ" ಅಂದಳು ನಳದ ಕಟ್ಟಿ ಮ್ಯಾಲ,
ಊರಿಂದ ಬೀಗರು ಬಂದಾರ ಅಂದಂಗ.
ನಾ ಕೊಡ ಎತ್ತಿಕೊಂಡು ಎರಡ ಹೆಜ್ಜಿ ಹಿಂದ ಸರದೆ.
ಸರದದ್ದು ನನಗ ಗೊತ್ತಾಗೂದಕಿಂತ ಮೊದಲ
ಅಕಿಗ ಗೊತ್ತಾತು.

ನೋಡಿದ್ರ ಬರ್ತಾವಂತ.
ಇಲ್ಲ, ನೋಡಿದ್ರ ಬರೂದಿಲ್ಲ, ಮುಟ್ಟಿದ್ರ ಅಂತ
ದವಾಖಾನಿ ಗ್ವಾಡಿಗೆ ಮರಾಠಿಯೊಳಗ ಬರದು ಹಚ್ಚ್ಯಾರ.
ಮಗಳು ಶ್ರೇಯಾ ಓದಿ ಕನ್ನಡದಾಗ ಹೇಳಿದಳು.
ತಿಳೀತು.
ತಿಳದಮ್ಯಾಲೂ ನೆಲ ನೋಡಕೋತ ಮನಿಗೆ ಬಂದೆ.

ಸೊಲ್ಲಾಪುರ ಅಂದ್ರ ಟಾವೆಲ್ಲಿನ ಊರು.
ದಿನಕ್ಕ ಆರು ಡಜನ್ ಅಂಚು ಹೊಲೀತೀನಿ,
ಹಳದಿ, ಗುಲಾಬಿ, ಹೊಟೇಲಿನ ಬಿಳೇವು;
ನನ್ನ ಕೈ ಹಾದು ಹೋದದ್ದು ಎಲ್ಲೆಲ್ಲೋ
ಯಾರ್ಯಾರದೋ ಮಾರಿ ಒರಸತದ.
ನಮ್ಮ ಖೋಲಿಯೊಳಗ ನಾಕ ಮಂದಿಗೆ ಎರಡ ಟಾವೆಲ್ಲು.
ಅವತ್ತ ಸಂಜಿಗೆ ಹಳೇ ಲುಂಗಿ ಹರದು ನಾಕ ತುಂಡ ಮಾಡಿ
ಒಬ್ಬೊಬ್ಬರ ಹೆಸರಿಲೆ ಮೊಳಿಗೆ ಹಾಕಿದೆ.
ಗಂಡ ನಕ್ಕ: "ಟಾವೆಲ್ಲ ಹೊಲಿಯಾಕಿ ಮನ್ಯಾಗ ಲುಂಗಿ ಚಿಂದಿ!"

ಬಾಗಲ ಚಿಲಕ ಸಾಬಾಣ ಹಚ್ಚಿ ತೊಳದೀನಿ.
ಪಾಯಖಾನಿ ಡಬ್ಬಿ ಬ್ಯಾರೆ ಮಾಡೀನಿ.
ಹತ್ತರ ನೋಟು ಇಸ್ತ್ರಿ ಮಾಡೀನಿ, ಖರೇ;
ಕಿರಾಣಿ ಅಂಗಡಿ ಸಿದ್ರಾಮಪ್ಪ ಅದನ್ನ ನಾಕ ಮಂದಿ ಮುಂದ ಹೇಳಿ ನಗಸ್ಯಾನ.
ವ್ಯಂಕೂನ ಚಂಡು ನಮ್ಮ ಹೊಸ್ತಲಕ ಬಂದು ನಿಂತಾಗ
ಕಸಬರಿಗಿಲೆ ಹೊಳ್ಳಿ ದೂಡಿದೆ.
ಅವ ತನ್ನ ಬಾಗಲದಾಗ ನಿಂತಿದ್ದ, ಕಣ್ಣು ದಾಳಿಂಬ್ರ ಕಾಳಿನಂಗ.
ಚಂಡು ಉಳ್ಳಿ ಬಂದದ್ದಕ್ಕ ಖುಷಿಲೆ
"ಇನ್ನೊಮ್ಮೆ, ಮೌಶಿ" ಅಂದ.

ಒಂದ ಮಾತು ಯಾರಿಗೂ ಹೇಳಿಲ್ಲ.
ಶ್ರೇಯಾ ಹನ್ನೊಂದ ತಿಂಗಳದಕಿ ಇದ್ದಾಗ
ಪಿಚ್ಚು ಮೆತ್ತಿಕೊಂಡು ಕಣ್ಣ ತೆರೀಲಾರದಂಗ ಆಗಿತ್ತು.
ನನ್ನ ಹಾಲು ಬತ್ತಿತ್ತು.
ನರಸೂಬಾಯಿದು ಆಗ ದೊಡ್ಡ ಮಗಳ ಬಾಣಂತನ.
ಕೇಳಲಿಲ್ಲ, ಏನಿಲ್ಲ, ಕೂಸಿನ ತೊಡಿಮ್ಯಾಲ ಹಾಕ್ಕೊಂಡು
ಎದಿ ಹಾಲು ಹಿಂಡಿ ಒಂದೊಂದ ಕಣ್ಣಾಗ ಎರಡೆರಡ ಹನಿ ಬಿಟ್ಟಳು.
ಅದು ಮದ್ದೋ ಅಲ್ಲೋ ಡಾಕ್ಟರಿಗೆ ಗೊತ್ತು.
ಅಕಿ ಬೆರಳಿಗೆ ಪಿಚ್ಚು ಹತ್ತಿತ್ತು.
ತನ್ನ ಸೀರಿಗೇ ಒರಸಿಕೊಂಡಳು.

ಹದಿನೈದ ದಿನದಾಗ ಚಾಳಿಗೆ ಚಾಳೇ ಕೆಂಪಾತು.
ಇಷ್ಟ ತೊಳದು, ಇಷ್ಟ ಒರಸಿ,
ಗುರುವಾರ ಮುಂಜಾನೆ ಎದ್ರ ನನ್ನ ರೆಪ್ಪಿ ಬಿಚ್ಚವಲ್ಲವು.
ಯಾರಿಂದ ಬಂತು ಅಂತ ಕುಂತು ಎಣಸಿದೆ:
ನೋಟು, ರಿಕ್ಷಾದ ದಾಂಡಿ, ಕಾರಖಾನಿಯಿಂದ ಬಂದ ಗುಲಾಬಿ ಥಾನು...
ಏಳನೇ ನಂಬರಿಗೆ ಬಂದು ಎಣಿಕಿ ನಿಂತಿತು.
ವ್ಯಂಕೂ ಆರಾಮಾಗಿ ಆಗಲೇ ಶಾಳಿಗೆ ಹೊಂಟಿದ್ದ.

ಗಾಡಿಯವನ ಕಡೆ ಮೂವತ್ತ ರೂಪಾಯಿಗೊಂದು ಕರೀ ಚಷ್ಮಾ.
ನಾಕ ದಿನಕ್ಕೊಮ್ಮಿ ಬರೂ ನೀರು ನಸಿಕಿನ್ಯಾಗ ಬಂತು.
ಕತ್ತಲದಾಗ ಹೆಂಗಸರೆಲ್ಲ ಚಷ್ಮಾ ಹಾಕ್ಕೊಂಡು ಪಾಳಿ ಹಚ್ಚಿದ್ವಿ,
ಸಿನಿಮಾದ ಕಳ್ಳರ ಗ್ಯಾಂಗ್ ನೀರು ಕದಿಯಾಕ ಬಂದಂಗ.
ನನ್ನ ಕೊಡ ತುಂಬಿತು.
ತುಂಬಿ ಚೆಲ್ಲಾಕ ಹತ್ತಿತು.
ನಳ ಮುಟ್ಟಲಾರದ ನಿಂತೆ; ಈಗ ನನ್ನದೇ ರೋಗದ ಕೈ.
ಹಿಂದ ಅಕಿ ಪಾಳಿ. ಅಕಿಗೂ ಕರೀ ಚಷ್ಮಾ,
ಯಾವ ಕಡೆ ನೋಡತಾಳೋ ತಿಳೀವಲ್ದು.
ಕಂಬದ ಬಲ್ಬಿನ ಬೆಳಕಿಗೆ
ಎರಡೂ ಕಾಜಿನಾಗ ನಾನೇ ಕಂಡೆ, ಸಣ್ಣಾಕಿ, ಕೊಡದ ಮುಂದ.

ಸೆರಗು ಕೈಗೆ ಸುತಗೊಂಡು
ನರಸೂಬಾಯಿ ನಳ ತಿರುವಿ ಬಂದ್ ಮಾಡಿದಳು.
ತನಗಂತೋ, ನನಗಂತೋ,
ಕೇಳೂದರಾಗ
ಅಕಿ ಕೊಡ ನಳದ ಬುಡಕ ಕುಂತಿತ್ತು.